ಉಳಿಯದ ಕೆಲಸದ ಬೆಲೆ

ಮಾನವನು ಮಾಡುವ ಕೆಲಸಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮಾಡಿ ಮುಗಿಸಿದ ಮೇಲೂ ಕಣ್ಣೆದುರಿಗೆ ನಿಲ್ಲುವ ಕೆಲಸ ಒಂದು ಬಗೆಯದು. ಮುಗಿಯುತ್ತಿರುವಂತೆಯೇ ಅಳಿಸಿಹೋಗಲು ತೊಡಗುವ ಕೆಲಸ ಇನ್ನೊಂದು ಬಗೆಯದು. ಗೌಂಡಿಯು ಕಟ್ಟಿದ ಗೋಡೆ ನೂರು ವರ್ಷ ನಿಲ್ಲುತ್ತದೆ. ಬಡಗಿಯು ಮಾಡಿದ ತೊಟ್ಟಿಲಿನಲ್ಲಿ ಮೂರು ತಲೆಮಾರಿನ ಕೂಸುಗಳು ಮಲಗಿ ಬೆಳೆಯುತ್ತವೆ. ಆದರೆ ಬೆಳಗ್ಗೆ ಗುಡಿಸಿದ ಅಂಗಳವನ್ನು ಮರುದಿನ ಬೆಳಗ್ಗೆ ಮತ್ತೆ ಗುಡಿಸಬೇಕು. ಬೆಳಗಿಟ್ಟ ಪಾತ್ರೆ ಮುಂದಿನ ಊಟದ ಹೊತ್ತಿಗೆ ಮುಸುರೆಯಾಗುತ್ತದೆ. ಎರಡು ತಾಸು ಒಲೆಯ ಮುಂದೆ ಕುಳಿತು ಮಾಡಿದ ಅಡಿಗೆ ಅರ್ಧ ತಾಸಿನಲ್ಲಿ ಉಂಡು ಮುಗಿಯುತ್ತದೆ. ಹೊಸ್ತಿಲ ಮುಂದೆ ಬರೆದ ರಂಗವಲ್ಲಿಯ ಮೇಲೆ ಮೊದಲು ಕಾಲಿಡುವವರು ಹೆಚ್ಚಾಗಿ ಆ ಮನೆಯವರೇ.

ಮೊದಲ ಬಗೆಯ ಕೆಲಸಕ್ಕೆ ಲೋಕದಲ್ಲಿ ಹೆಸರುಂಟು, ಶಾಸನವುಂಟು, ಸನ್ಮಾನವುಂಟು. ಎರಡನೆಯ ಬಗೆಯ ಕೆಲಸ ನಡೆದರೆ ಯಾರೂ ಗಮನಿಸುವುದಿಲ್ಲ. ನಡೆಯದೆ ನಿಂತಾಗ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ. ‘ನಮ್ಮ ಮನೆಯಾಕೆಗೆ ಏನು ಕೆಲಸ, ಮನೆಯಲ್ಲಿಯೇ ಇರುತ್ತಾಳೆ’ ಎಂದು ನಿರಾಯಾಸವಾಗಿ ನುಡಿಯುವ ಗೃಹಸ್ಥನು, ಆಕೆ ಜ್ವರದಿಂದ ಎರಡು ದಿನ ಹಾಸಿಗೆ ಹಿಡಿದರೆ ಮನೆಯೊಳಗೆ ಕಾಲಿಡಲು ಜಾಗ ಕಾಣದೆ ಕಂಗೆಡುತ್ತಾನೆ. ಆದುದರಿಂದ ನಾವು ವಿಚಾರಿಸಬೇಕಾದ ಪ್ರಶ್ನೆಯೊಂದಿದೆ. ಗುರುತನ್ನು ಉಳಿಸಿಹೋಗದ ಕೆಲಸವು, ಗುರುತನ್ನು ಉಳಿಸಿಹೋಗುವ ಕೆಲಸಕ್ಕಿಂತ ನಿಜವಾಗಿಯೂ ಕೀಳಾದುದೆ? ಅಥವಾ ಅದನ್ನು ಕೀಳೆಂದು ಬಗೆದುದರಲ್ಲಿ ನಮ್ಮ ದೃಷ್ಟಿಯ ದೋಷವೇನಾದರೂ ಅಡಗಿದೆಯೆ?

ಇದು ಸಾಮಾನ್ಯ ಜನರಲ್ಲಷ್ಟೇ ಇರುವ ಭಾವನೆಯೆಂದು ತಿಳಿಯಬಾರದು. ದೊಡ್ಡ ಚಿಂತಕರು ಕೂಡ ಈ ಭೇದವನ್ನು ಗುರುತಿಸಿದ್ದಾರೆ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ ಹನ್ನಾ ಅರೆಂಟ್ ಎಂಬ ವಿದುಷಿಯು 1958ರಲ್ಲಿ ‘ದ ಹ್ಯೂಮನ್ ಕಂಡಿಷನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಮನುಷ್ಯನ ಚಟುವಟಿಕೆಗಳನ್ನು ಆಕೆ ಅದರಲ್ಲಿ ಶ್ರಮ, ನಿರ್ಮಾಣ, ಕ್ರಿಯೆ ಎಂದು ಮೂರಾಗಿ ವಿಭಾಗಿಸುತ್ತಾರೆ. ಬದುಕನ್ನು ನಡೆಸಿಕೊಂಡು ಹೋಗಲು ದಿನನಿತ್ಯ ಮಾಡಬೇಕಾದುದು ಶ್ರಮ. ಅದರ ಫಲ ಹುಟ್ಟಿದೊಡನೆ ಬಳಕೆಯಾಗಿ ಹೋಗುತ್ತದೆ. ಬಾಳಿಕೆ ಬರುವ ವಸ್ತುಗಳ ಲೋಕವನ್ನು ರಚಿಸುವುದು ನಿರ್ಮಾಣ. ಗ್ರೀಕರ ಪುರಾಣದಲ್ಲಿ ಹರ್ಕ್ಯುಲಿಸನು ಆಜಿಯಸ್ ದೊರೆಯ ಕೊಟ್ಟಿಗೆಯನ್ನು ತೊಳೆದು ವೀರನೆನಿಸಿದ ಕಥೆಯಿದೆ. ಒಮ್ಮೆ ತೊಳೆದರೆ ತೊಳೆದಂತೆಯೇ ಉಳಿಯುವ ಕೊಟ್ಟಿಗೆ ಪುರಾಣದಲ್ಲಿ ಮಾತ್ರ ಉಂಟು ಎಂದು ಅರೆಂಟ್ ಸೂಚಿಸುತ್ತಾರೆ. ನಿನ್ನೆಯ ಕೊಳೆಯನ್ನು ಇಂದು, ಇಂದಿನ ಕೊಳೆಯನ್ನು ನಾಳೆ ತೆಗೆಯುತ್ತ ಇರುವವರ ಕಷ್ಟವು ಅಪಾಯದಿಂದ ಹುಟ್ಟಿದುದಲ್ಲ, ಮುಗಿಯದ ಪುನರಾವರ್ತನೆಯಿಂದ ಹುಟ್ಟಿದುದು ಎಂಬುದು ಆಕೆಯ ಮಾತಿನ ತಾತ್ಪರ್ಯ. ಈ ಶ್ರಮವಿಲ್ಲದೆ ಜೀವನವೇ ಇಲ್ಲವೆಂದು ಆಕೆ ಒಪ್ಪುತ್ತಾರೆ. ಆದರೂ ಮಾನವಲೋಕಕ್ಕೆ ಸ್ಥಿರತೆಯನ್ನು ತಂದುಕೊಡುವ ಗೌರವವನ್ನು ಆಕೆ ಇಡುವುದು ನಿರ್ಮಾಣದಲ್ಲಿಯೇ.

ಈ ಗ್ರಂಥವು ಹೊರಬಂದು ಹನ್ನೊಂದು ವರ್ಷಗಳಾದ ಮೇಲೆ, ಅದೇ ಅಮೆರಿಕೆಯಲ್ಲಿ, ತತ್ತ್ವಜ್ಞಾನಿಯಲ್ಲದ ಒಬ್ಬ ತಾಯಿ ಇದೇ ಪ್ರಶ್ನೆಯನ್ನು ಬೇರೊಂದು ದಿಕ್ಕಿನಿಂದ ಎತ್ತಿದಳು. ಆಕೆಯ ಹೆಸರು ಮಿಯರ್ಲ್ ಲೇಡರ್‌ಮನ್ ಯೂಕಲೀಸ್. 1939ರಲ್ಲಿ ಡೆನ್ವರ್ ನಗರದಲ್ಲಿ, ಯೆಹೂದ್ಯ ಧರ್ಮಗುರುವೊಬ್ಬರ ಮಗಳಾಗಿ ಹುಟ್ಟಿದ ಈಕೆ ಶಿಲ್ಪ ಮತ್ತು ಚಿತ್ರಕಲೆಗಳನ್ನು ಅಭ್ಯಾಸ ಮಾಡಿದವಳು. ಗರ್ಭಿಣಿಯಾದಾಗ, ಇನ್ನು ನೀನು ಕಲಾವಿದೆಯಾಗಲಾರೆ ಎಂದು ಶಿಕ್ಷಕರೊಬ್ಬರು ಹೇಳಿದುದನ್ನು ಆಕೆ ಮುಂದೆ ಹಲವು ಬಾರಿ ನೆನೆದಿದ್ದಾಳೆ. 1968ರಲ್ಲಿ ಮೊದಲ ಕೂಸು ಹುಟ್ಟಿತು. ಅಲ್ಲಿಂದ ಆಕೆಯ ದಿನವು ಎರಡು ತುಂಡಾಯಿತು. ಅರ್ಧ ದಿನ ಕಲಾವಿದೆ; ಉಳಿದ ಅರ್ಧ ದಿನ ಕೂಸಿನ ಬಟ್ಟೆ ಒಗೆಯುವ, ನೆಲ ಒರೆಸುವ, ಬೇಯಿಸುವ, ಬಡಿಸುವ ತಾಯಿ. ಮೊದಲ ಅರ್ಧವನ್ನು ಕುರಿತು ಕೇಳುವವರಿದ್ದರು. ಎರಡನೆಯ ಅರ್ಧವನ್ನು ಕುರಿತು ಕೇಳುವವರೇ ಇರಲಿಲ್ಲ.

1969ರಲ್ಲಿ ಆಕೆ ಒಂದು ಘೋಷಣಾಪತ್ರವನ್ನು ಬರೆದಳು. ಅದರ ಸಾರ ಹೀಗಿದೆ: ಲೋಕದ ವ್ಯವಹಾರವು ಎರಡು ಏರ್ಪಾಡುಗಳಲ್ಲಿ ನಡೆಯುತ್ತದೆ. ಹೊಸತನ್ನು ಹುಟ್ಟಿಸುವುದು, ಬೆಳೆಸುವುದು, ಮುಂದೆ ಹೋಗುವುದು ಒಂದು. ಹುಟ್ಟಿಸಿದುದನ್ನು ಕಾಪಾಡುವುದು, ಧೂಳೊರೆಸುವುದು, ಹಾಳಾಗದಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ನಿರ್ಮಾಣವೆಂದೂ ಎರಡನೆಯದನ್ನು ಪಾಲನೆಯೆಂದೂ ನಾವು ಕರೆಯಬಹುದು. ಮಹಾಕ್ರಾಂತಿಯೊಂದು ನಡೆದು ಲೋಕವೇ ಬದಲಾದರೂ ಮರುದಿನದ ಕಸವನ್ನು ಎತ್ತುವವರು ಯಾರು ಎಂಬುದು ಆಕೆ ಕೇಳಿದ ಪ್ರಶ್ನೆ. ಪಾಲನೆಯು ಬೇಸರ ತರುವ ಕೆಲಸ, ಹೊತ್ತನ್ನೆಲ್ಲ ನುಂಗುವ ಕೆಲಸ ಎಂಬುದನ್ನು ಆಕೆ ಮರೆಮಾಚಲಿಲ್ಲ. ಆದರೆ ಅಷ್ಟರಿಂದಲೇ ಅದು ಕೀಳಾಗುವುದೆಂದು ಒಪ್ಪಲಿಲ್ಲ. ತಾನು ಕಲಾವಿದೆಯಾಗಿರುವುದರಿಂದ ತಾನು ಮಾಡುವ ಪಾಲನೆಯನ್ನೇ ಕಲೆಯೆಂದು ಕರೆಯುವೆನೆಂದಳು. ಕಲಾಸಂಗ್ರಹಾಲಯವೊಂದರಲ್ಲಿ ವಾಸವಾಗಿದ್ದು, ಮನೆಯಲ್ಲಿ ಮಾಡುವಂತೆಯೇ ಗುಡಿಸಿ, ಒರೆಸಿ, ಬೇಯಿಸಿ, ಬಂದವರಿಗೆ ಬಡಿಸುವ ಒಂದು ಪ್ರದರ್ಶನದ ಯೋಜನೆಯನ್ನೂ ಅದರಲ್ಲಿ ಮುಂದಿಟ್ಟಳು. ಅಲ್ಲಿ ಗೋಡೆಗೆ ತೂಗುಹಾಕುವ ಚಿತ್ರವಿಲ್ಲ, ಪೀಠದ ಮೇಲಿಡುವ ಮೂರ್ತಿಯಿಲ್ಲ, ಕೆಲಸವೇ ಕೃತಿ.

ಇದನ್ನು ಕೇಳಿದೊಡನೆ ಇದೆಂತಹ ಕಲೆ ಎಂದು ಮೂಗು ಮುರಿಯುವವರು ಇರಬಹುದು. ಆ ಸಂದೇಹ ಸಹಜವಾದುದೇ. ಆದರೆ ತೀರ್ಪನ್ನು ಕೊಡುವ ಮೊದಲು ಆಕೆ ಮಾಡಿದುದೇನೆಂಬುದನ್ನು ಸಮಾಧಾನದಿಂದ ನೋಡುವುದು ಒಳ್ಳೆಯದು.

1973ರ ಜುಲೈ ತಿಂಗಳಿನಲ್ಲಿ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿರುವ ವಾಡ್ಸ್‌ವರ್ತ್ ಅಥೀನಿಯಂ ಎಂಬ ಹಳೆಯ ಕಲಾಸಂಗ್ರಹಾಲಯದ ಮುಂದೆ ಆಕೆ ನೀರನ್ನೂ ಬಟ್ಟೆಯನ್ನೂ ಹಿಡಿದು ನಿಂತಳು. ಹೊರಗಿನ ಕಲ್ಲಿನ ಮೆಟ್ಟಿಲುಗಳ ಮೇಲೆ ನೀರು ಸುರಿದು, ಮೊಣಕಾಲೂರಿ ತಿಕ್ಕಿ ತೊಳೆದಳು. ಬಳಿಕ ಒಳಗಿನ ನೆಲವನ್ನು ಒರೆಸಿದಳು. ಒರೆಸಲು ಬಳಸಿದುದು ಕೂಸುಗಳಿಗೆ ಕಟ್ಟುವ ಹತ್ತಿಯ ಬಟ್ಟೆಗಳನ್ನು. ಹೊರಗೆ ನಾಲ್ಕು ತಾಸು, ಒಳಗೆ ನಾಲ್ಕು ತಾಸು ಈ ಕೆಲಸ ನಡೆಯಿತು. ನೋಡಲು ಬಂದವರು ಅದೇ ಮೆಟ್ಟಿಲನ್ನು ಹತ್ತಿದರು, ಅದೇ ನೆಲದ ಮೇಲೆ ನಡೆದರು. ಅವರ ಹೆಜ್ಜೆ ಮೂಡಿದಲ್ಲಿ ಆಕೆ ಮತ್ತೆ ಒರೆಸಿದಳು. ಸಂಜೆಗೆ ಏನು ಉಳಿಯಿತು? ಒಂದಿಷ್ಟು ಹೊತ್ತು ಶುಭ್ರವಾಗಿದ್ದ ಮೆಟ್ಟಿಲುಗಳು. ಮರುದಿನ ಅದೂ ಇಲ್ಲ. ಆ ಮೆಟ್ಟಿಲುಗಳನ್ನು ಪ್ರತಿದಿನ ಯಾರೋ ತೊಳೆಯುತ್ತಲೇ ಇದ್ದರು. ಆದರೆ ಆ ಕೆಲಸವು ಕಟ್ಟಡ ಮುಚ್ಚಿದ ಮೇಲೋ ತೆರೆಯುವುದಕ್ಕೆ ಮುನ್ನವೋ, ಯಾರ ಕಣ್ಣಿಗೂ ಬೀಳದಂತೆ ನಡೆಯಬೇಕೆಂಬುದು ರೂಢಿಯಾಗಿದ್ದಿತು. ಆಕೆ ಮಾಡಿದ ಬದಲಾವಣೆ ಇಷ್ಟೇ: ಕತ್ತಲಲ್ಲಿ ನಡೆಯುತ್ತಿದ್ದುದನ್ನು ಹಗಲಿನಲ್ಲಿ, ಎಲ್ಲರೂ ನಡೆದಾಡುವ ವೇಳೆಯಲ್ಲಿ ಮಾಡಿದಳು.

ಅದೇ ಸಂಗ್ರಹಾಲಯದಲ್ಲಿ ಅದೇ ತಿಂಗಳು ನಡೆದ ಇನ್ನೊಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಅಲ್ಲಿ ಈಜಿಪ್ಟ್ ದೇಶದ ಪ್ರಾಚೀನ ಶವವೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇರಿಸಿದ್ದರು. ಪೆಟ್ಟಿಗೆಯ ಗಾಜನ್ನು ಒರೆಸುವುದು ಅಲ್ಲಿನ ಜಾಡಮಾಲಿಯ ನಿತ್ಯದ ಕೆಲಸ. ಮೊದಲು ಆತ ಎಂದಿನಂತೆ ಒರೆಸಿದನು. ಬಳಿಕ ಯೂಕಲೀಸ್ ಅದೇ ಗಾಜನ್ನು ಅದೇ ರೀತಿ ಒರೆಸಿ, ಇದು ಪಾಲನೆಯ ಕಲಾಕೃತಿ ಎಂದು ಮುದ್ರೆಯೊತ್ತಿದಳು. ಆ ಕ್ಷಣದಿಂದ ಒಂದು ವಿಚಿತ್ರ ಪರಿಸ್ಥಿತಿ ಉಂಟಾಯಿತು. ಸಂಗ್ರಹಾಲಯದ ಕಟ್ಟಳೆಯಂತೆ ಕಲಾಕೃತಿಯನ್ನು ಮುಟ್ಟಿ ಶುಚಿಗೊಳಿಸುವ ಅಧಿಕಾರ ತರಬೇತಿ ಪಡೆದ ಸಂರಕ್ಷಕನಿಗೆ ಮಾತ್ರ ಉಂಟು. ಶುಭ್ರವಾದ ಆ ಗಾಜೇ ಈಗ ಕೃತಿಯಾಗಿರುವುದರಿಂದ ಅದನ್ನು ಮತ್ತೆ ಒರೆಸಬೇಕಾದವನು ಸಂರಕ್ಷಕ. ಜಾಡಮಾಲಿಯು ಇನ್ನು ಅದನ್ನು ಮುಟ್ಟುವಂತಿಲ್ಲ!

ಗಾಜು ಒಂದೇ, ಬಟ್ಟೆ ಒಂದೇ, ಕೈಯ ಚಲನೆ ಒಂದೇ, ಫಲವೂ ಒಂದೇ. ಒರೆಸಿದವರು ಮಾತ್ರ ಮೂವರು. ಒಬ್ಬನದು ಕೂಲಿ, ಒಬ್ಬಳದು ಕಲೆ, ಒಬ್ಬನದು ವಿದ್ಯೆ. ಹಾಗಾದರೆ ಮೇಲು ಕೀಳು ಎಂಬುದು ಎಲ್ಲಿದ್ದಿತು? ಗಾಜಿನಲ್ಲಿ ಇರಲಿಲ್ಲ, ಒರೆಸುವ ಕ್ರಿಯೆಯಲ್ಲಿಯೂ ಇರಲಿಲ್ಲ. ಮಾಡುವವನಿಗೆ ನಾವು ಮೊದಲೇ ಕೊಟ್ಟಿದ್ದ ಸ್ಥಾನವು ಅವನ ಕೈಯಿಂದ ಇಳಿದು ಕೆಲಸಕ್ಕೆ ಅಂಟಿಕೊಂಡಿತು, ಅಷ್ಟೆ. ಕೆಲಸ ಕೀಳಾದುದರಿಂದ ಮಾಡುವವನು ಕೀಳಾದನೆಂದು ನಾವು ಸಾಮಾನ್ಯವಾಗಿ ವಾದಿಸುತ್ತೇವೆ. ಈ ಗಾಜಿನ ಪೆಟ್ಟಿಗೆಯು ಆ ವಾದವನ್ನು ತಲೆಕೆಳಗು ಮಾಡಿ ತೋರಿಸುತ್ತದೆ. ನೂರು ಪುಟಗಳ ತರ್ಕದಿಂದ ಸಾಧಿಸಬೇಕಾದುದನ್ನು ಆಕೆ ಒಂದು ಬಟ್ಟೆಯ ತುಂಡಿನಿಂದ ಸಾಧಿಸಿದಳು. ಹೀಗಾಗಿ ಇದು ಕಲೆಯೋ ಅಲ್ಲವೋ ಎಂಬ ಚರ್ಚೆಗಿಂತ ಇದರಿಂದ ನಮಗೆ ಏನು ಕಂಡಿತು ಎಂಬುದು ಮುಖ್ಯವಾಗುತ್ತದೆ.

1976ರಲ್ಲಿ ಆಕೆ ಇನ್ನೊಂದು ಹೆಜ್ಜೆ ಮುಂದಿಟ್ಟಳು. ನ್ಯೂಯಾರ್ಕಿನ ಬಹು ಎತ್ತರದ ಕಚೇರಿ ಕಟ್ಟಡವೊಂದರಲ್ಲಿ ವಿಟ್ನಿ ಸಂಗ್ರಹಾಲಯದ ಶಾಖೆಯಿದ್ದಿತು. ಆ ಕಟ್ಟಡವನ್ನು ಹಗಲಿರುಳು ನೋಡಿಕೊಳ್ಳುತ್ತಿದ್ದ ಸುಮಾರು 300 ಮಂದಿ ಕೆಲಸಗಾರರನ್ನು ಆಕೆ ಪರಿಚಯ ಮಾಡಿಕೊಂಡಳು. ದಿನದಲ್ಲಿ ಒಂದು ತಾಸು ನೀವು ಮಾಡುವ ಕೆಲಸವನ್ನು ಕಲೆಯೆಂದು ಭಾವಿಸಿರಿ ಎಂದು ಕೇಳಿಕೊಂಡಳು. ಅವರು ಕೆಲಸದಲ್ಲಿರುವಾಗ ಆಗಿಂದಾಗ್ಗೆ ಮುದ್ರಣವಾಗಿ ಹೊರಬರುವ ಪೋಲರಾಯ್ಡ್ ಭಾವಚಿತ್ರ ತೆಗೆದು, ‘ಈಗ ನೀವು ಮಾಡುತ್ತಿದ್ದುದು ಕೆಲಸವೋ ಕಲೆಯೋ?’ ಎಂದು ಅವರನ್ನೇ ಕೇಳಿ, ಅವರು ಹೇಳಿದಂತೆ ಬರೆದು ಗೋಡೆಗೆ ಅಂಟಿಸಿದಳು. ಚಿತ್ರಗಳ ಸಂಖ್ಯೆ 700ನ್ನು ದಾಟಿತು. ಕೆಲವರು ಕಲೆಯೆಂದರು, ಕೆಲವರು ಕೆಲಸವೆಂದರು. ನಿರ್ಣಯವನ್ನು ಆಕೆ ಮಾಡದೆ ದುಡಿಯುವವರಿಗೇ ಬಿಟ್ಟುದರಲ್ಲಿ ಒಂದು ಸೌಜನ್ಯವಿದೆ. ತನ್ನ ದುಡಿಮೆಗೆ ಹೆಸರಿಡುವ ಹಕ್ಕು ಮೊದಲು ದುಡಿಯುವವನದು.

ಆ ದಿನಗಳಲ್ಲಿ ನ್ಯೂಯಾರ್ಕ್ ನಗರಾಡಳಿತವು ತೀವ್ರವಾದ ಹಣದ ಮುಗ್ಗಟ್ಟಿನಲ್ಲಿ ಸಿಲುಕಿದ್ದಿತು. ಈ ಪ್ರದರ್ಶನವನ್ನು ವಿಮರ್ಶಿಸಿದ ಪತ್ರಿಕೆಯ ಬರಹಗಾರನೊಬ್ಬನು, ನಗರದ ನೈರ್ಮಲ್ಯ ಇಲಾಖೆಯೂ ತನ್ನ ಕೆಲಸವನ್ನು ಕಲೆಯೆಂದು ಸಾರಿಕೊಂಡರೆ ಸರಕಾರದ ಕಲಾನಿಧಿಯಿಂದ ಸಹಾಯಧನ ಪಡೆಯಬಹುದೆಂದು ಪರಿಹಾಸ್ಯ ಮಾಡಿದನು. ಆಕೆ ಪರಿಹಾಸ್ಯವನ್ನು ಪರಿಹಾಸ್ಯವೆಂದು ಬಿಡಲಿಲ್ಲ. ಆ ಬರಹವನ್ನು ಇಲಾಖೆಗೇ ಕಳುಹಿಸಿದಳು. ಇಲಾಖೆಯಿಂದ ಕರೆ ಬಂದಿತು. 1977ರಲ್ಲಿ ಆಕೆ ಸಂಬಳವಿಲ್ಲದ ಕಲಾವಿದೆಯಾಗಿ ಆ ಇಲಾಖೆಯನ್ನು ಸೇರಿದಳು.

ಆ ನಗರಕ್ಕೆ ಕಸದ ಕೆಲಸದ ಬೆಲೆ ಗೊತ್ತಿರಲಿಲ್ಲವೆನ್ನುವಂತಿಲ್ಲ. 1968ರ ಫೆಬ್ರವರಿಯಲ್ಲಿ ಅಲ್ಲಿನ ಕಾರ್ಮಿಕರು ಒಂಬತ್ತು ದಿನ ಮುಷ್ಕರ ಹೂಡಿದಾಗ ಬೀದಿಬೀದಿಗಳಲ್ಲಿ ಸುಮಾರು 1,00,000 ಟನ್ ಕಸ ರಾಶಿಬಿದ್ದಿತ್ತು. ಒಂಬತ್ತೇ ದಿನಗಳಲ್ಲಿ ಲೋಕದ ಅತ್ಯಂತ ಸಿರಿವಂತ ನಗರಗಳಲ್ಲೊಂದು ಮೂಗು ಮುಚ್ಚಿಕೊಂಡು ನಡೆಯಬೇಕಾಯಿತು. ಆದರೆ ಮುಷ್ಕರ ಮುಗಿದು ಬೀದಿ ಶುಭ್ರವಾದೊಡನೆ ಆ ತಿಳಿವಳಿಕೆಯೂ ಕಸದ ಜೊತೆಗೇ ಹೊರಟುಹೋಯಿತು. ಕೊರತೆಯಿದ್ದಾಗ ಕಾಣುವುದು, ಪೂರ್ಣವಾದಾಗ ಕಾಣದಾಗುವುದು ಈ ಕೆಲಸದ ಸ್ವಭಾವ.

1979ರ ಜುಲೈಯಿಂದ 1980ರ ಜೂನ್‌ವರೆಗೆ, ಸುಮಾರು ಹನ್ನೊಂದು ತಿಂಗಳು, ಯೂಕಲೀಸ್ ನಗರದ 59 ವಿಭಾಗಗಳಲ್ಲಿಯೂ ಸುತ್ತಾಡಿದಳು. ಬೆಳಗಿನ ಹಾಜರಿಯ ಹೊತ್ತಿಗೆ ಕಾರ್ಮಿಕರ ಬಳಿಗೆ ಹೋಗುವಳು, ಅವರ ಪಾಳಿಯುದ್ದಕ್ಕೂ ಅವರೊಡನೆ ನಡೆಯುವಳು, ಅವರ ಮಾತನ್ನು ಕೇಳುವಳು. ಇಲಾಖೆಯ ಸುಮಾರು 8,500 ಕಾರ್ಮಿಕರಲ್ಲಿ ಒಬ್ಬೊಬ್ಬರ ಮುಂದೆಯೂ ನಿಂತು, ಕೈ ಕುಲುಕಿ, ನ್ಯೂಯಾರ್ಕ್ ನಗರವನ್ನು ಜೀವಂತವಾಗಿ ಇರಿಸಿದುದಕ್ಕಾಗಿ ನಿಮಗೆ ವಂದನೆಗಳು ಎಂದು ಹೇಳಿದಳು. ಆಕೆಯ ಕೃತಿ ಇಷ್ಟೇ. ಒಂದು ಹಸ್ತಲಾಘವ, ಒಂದು ಮಾತು. ಅದನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಲಾಗದು, ಕೊಳ್ಳಲಾಗದು, ಮಾರಲಾಗದು.

ಅಂತಹ ಒಂದು ಮಾತಿನಿಂದ ಏನಾದೀತು ಎಂದು ಕೇಳುವವರಿಗೆ ಆಕೆಯೇ ಹೇಳಿರುವ ಒಂದು ಪ್ರಸಂಗವಿದೆ. ಕಾರ್ಮಿಕನೊಬ್ಬನು ಹದಿನೇಳು ವರ್ಷಗಳ ಹಿಂದಿನ ಸಂಗತಿಯೊಂದನ್ನು ಆಕೆಗೆ ತಿಳಿಸಿದನು. ಕಡುಬೇಸಗೆಯ ಒಂದು ದಿನ ಕಸ ಎತ್ತಿ ಎತ್ತಿ ದಣಿದ ಆತನೂ ಅವನ ಜೊತೆಗಾರನೂ ಒಂದು ಮನೆಯ ಮುಂದಿನ ಮೆಟ್ಟಿಲ ಮೇಲೆ ಕ್ಷಣಹೊತ್ತು ಕುಳಿತರು. ಮನೆಯೊಡತಿ ಬಾಗಿಲು ತೆರೆದು, ನಾರುವ ಕಸದವರೇ, ನನ್ನ ಮನೆಯ ಮುಂದೆ ದುರ್ನಾತ ಹಬ್ಬಿಸಬೇಡಿರಿ, ಎದ್ದು ಹೋಗಿರಿ ಎಂದು ಅಟ್ಟಿದಳು. ಆ ಮಾತು ಹದಿನೇಳು ವರ್ಷ ತನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿತ್ತೆಂದೂ, ಇಂದು ನೀನು ಅದನ್ನು ಅಳಿಸಿದೆಯೆಂದೂ ಆತ ಹೇಳಿದನು. ವಾಚಕರು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಆ ಮನೆಯ ಮುಂದಿನ ಕಸವನ್ನು ಅವನು ಆ ದಿನವೂ ಎತ್ತಿದ್ದನು. ಆ ಕೆಲಸ ಆ ದಿನವೇ ಅಳಿಯಿತು. ಮನೆಯೊಡತಿಗೆ ಅದರ ನೆನಪೂ ಇರಲಾರದು. ಆಕೆಯ ಒಂದು ಮಾತು ಮಾತ್ರ ಹದಿನೇಳು ವರ್ಷ ಅಳಿಯದೆ ಉಳಿಯಿತು. ಉಳಿಯುವುದೆಲ್ಲ ಶ್ರೇಷ್ಠವೆಂಬ ನಮ್ಮ ನಂಬಿಕೆಗೆ ಇದಕ್ಕಿಂತ ಕಟುವಾದ ಉತ್ತರ ಬೇಕೆ?

ಮುಂದೆ 1984ರಲ್ಲಿ ಆಕೆ ಅಂತಹ ಮನೆಯ ಮುಂಭಾಗವೊಂದನ್ನು ಕಟ್ಟಿಸಿ, ಕಾರ್ಮಿಕರು ಕೇಳಿ ನೊಂದ ಬೈಗುಳಗಳನ್ನು ಅದರ ಮೇಲೆ ಬರೆಸಿ, ಊರಿನ ಜನರನ್ನು ಕರೆದು ಅವರ ಕೈಯಿಂದಲೇ ಅವನ್ನು ತೊಳೆಯಿಸಿದಳು. ಅದಕ್ಕೂ ಒಂದು ವರ್ಷ ಮೊದಲು ಕಸದ ಲಾರಿಯೊಂದಕ್ಕೆ ದೊಡ್ಡ ದೊಡ್ಡ ಕನ್ನಡಿಗಳನ್ನು ಹೊದಿಸಿ ಮೆರವಣಿಗೆಯಲ್ಲಿ ಕಳುಹಿಸಿದ್ದಳು. ಬೀದಿಯ ಬದಿಯಲ್ಲಿ ನಿಂತು ಲಾರಿಯನ್ನು ನೋಡಿದವರಿಗೆ ಅದರಲ್ಲಿ ಕಂಡುದು ತಮ್ಮದೇ ಮುಖ. ಕಸವನ್ನು ಹೊರುವವನನ್ನು ಕಸದವನೆಂದು ಕರೆಯುತ್ತೇವೆ. ಕಸವನ್ನು ಮಾಡಿದವನನ್ನು ಏನೆಂದು ಕರೆಯಬೇಕೆಂದು ಆ ಲಾರಿ ಮೌನವಾಗಿಯೇ ಕೇಳಿತು.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳಬೇಕಾದುದು ನ್ಯಾಯ. ಮೊದಲನೆಯ ಆಕ್ಷೇಪಣೆ ಇದು: ಕಲಾವಿದೆಯು ತಾನಾಗಿ ಆರಿಸಿಕೊಂಡು ಮೆಟ್ಟಿಲನ್ನೂ ನೆಲವನ್ನೂ ಎಂಟು ತಾಸು ತೊಳೆದಳು. ಜಾಡಮಾಲಿಯು ಬೇರೆ ದಾರಿಯಿಲ್ಲದೆ ಜೀವಮಾನವಿಡೀ ತೊಳೆಯುತ್ತಾನೆ. ಆಕೆಯ ಭಾವಚಿತ್ರಗಳು ಉಳಿದುವು, ಹೆಸರು ಗ್ರಂಥಗಳಲ್ಲಿ ಸೇರಿತು. 2016ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಸಂಗ್ರಹಾಲಯವು ಆಕೆಯ ಜೀವಮಾನದ ಕೆಲಸವನ್ನೆಲ್ಲ ಪ್ರದರ್ಶಿಸಿತು. ಕೈ ಕುಲುಕಿದ 8,500 ಮಂದಿಯ ಹೆಸರುಗಳು ಎಲ್ಲಿ? ಈ ಆಕ್ಷೇಪಣೆಯನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಅಳಿಯುವ ಕೆಲಸವನ್ನು ಎತ್ತಿಹಿಡಿದವಳು ಉಳಿದಳು, ಅದನ್ನೇ ಬಾಳಾಗಿಸಿಕೊಂಡವರು ಮರೆಯಾದರು ಎಂಬುದು ಸತ್ಯವೇ. ಆದರೆ ಆ ದೋಷ ಆಕೆಯೊಬ್ಬಳದಲ್ಲ. ಒಂದು ಹೆಸರನ್ನು ನೆನಪಿಡಬಲ್ಲ, ಎಂಟು ಸಾವಿರ ಹೆಸರುಗಳನ್ನು ನೆನಪಿಡಲಾರದ ಲೋಕದ ದೋಷವೂ ಹೌದು. ಆಕೆ ಒಬ್ಬನ ಕೈ ಹಿಡಿದು ‘ಎಲ್ಲರಿಗೂ ವಂದನೆ’ ಎಂದು ಮುಗಿಸದೆ, ಹನ್ನೊಂದು ತಿಂಗಳು ಸವೆಸಿ ಒಬ್ಬೊಬ್ಬನ ಮುಖವನ್ನು ನೋಡಿದುದು ಆ ದೋಷವನ್ನು ತನ್ನ ಮಟ್ಟಿಗೆ ತಗ್ಗಿಸುವ ಪ್ರಯತ್ನವೆಂದೇ ತಿಳಿಯಬೇಕು.

ಎರಡನೆಯ ಆಕ್ಷೇಪಣೆ ಇನ್ನೂ ಗಂಭೀರವಾದುದು. ವಂದನೆಯಿಂದ ಹೊಟ್ಟೆ ತುಂಬೀತೆ? ಗೌರವದ ಮಾತನ್ನಾಡಿ ಕೂಲಿಯನ್ನೂ ರಕ್ಷಣೆಯನ್ನೂ ಮರೆಯುವುದು ಉಳ್ಳವರಿಗೆ ಬಹಳ ಅಗ್ಗದ ಪುಣ್ಯ. ಇದಕ್ಕೆ ಅಮೆರಿಕೆಯ ಚರಿತ್ರೆಯಲ್ಲಿಯೇ ಉತ್ತರವಿದೆ. ನ್ಯೂಯಾರ್ಕಿನ ಮುಷ್ಕರ ತೊಡಗುವ ಹಿಂದಿನ ದಿನ, 1968ರ ಫೆಬ್ರವರಿ 1ರಂದು, ದಕ್ಷಿಣದ ಮೆಂಫಿಸ್ ನಗರದಲ್ಲಿ ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕಪ್ಪು ಜನಾಂಗದ ಕಾರ್ಮಿಕರು ಮಳೆಯಿಂದ ತಪ್ಪಿಸಿಕೊಳ್ಳಲು ಕಸದ ಲಾರಿಯ ಹಿಂಭಾಗದಲ್ಲಿ ಆಶ್ರಯ ಪಡೆದಿದ್ದಾಗ, ಕಸವನ್ನು ಅದುಮುವ ಯಂತ್ರ ಚಲಿಸಿ ಅದರಲ್ಲಿ ಸಿಲುಕಿ ಸತ್ತರು. ಬಳಿಕ ಅಲ್ಲಿನ ಸುಮಾರು 1,300 ಕಾರ್ಮಿಕರು ಮುಷ್ಕರ ಹೂಡಿದರು. ಅವರು ಕೇಳಿದುದು ಕೂಲಿ, ಸುರಕ್ಷತೆ, ಸಂಘಕ್ಕೆ ಮನ್ನಣೆ. ಆದರೆ ಅವರು ಎದೆಯ ಮೇಲೆ ತೂಗುಹಾಕಿಕೊಂಡ ಫಲಕದಲ್ಲಿ ಕೂಲಿಯ ಮಾತು ಇರಲಿಲ್ಲ. ನಾನೊಬ್ಬ ಮನುಷ್ಯ ಎಂದಷ್ಟೇ ಇದ್ದಿತು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗರು ಏಪ್ರಿಲ್ 4ರಂದು ಅದೇ ನಗರದಲ್ಲಿ ಗುಂಡಿಗೆ ಬಲಿಯಾದರು. ಏಪ್ರಿಲ್ 16ರಂದು ಒಪ್ಪಂದವಾಗಿ ಸಂಘಕ್ಕೆ ಮನ್ನಣೆಯೂ ಕೂಲಿಯಲ್ಲಿ ಏರಿಕೆಯೂ ದೊರೆತುವು. ಗೌರವ ಬೇರೆ, ಕೂಲಿ ಬೇರೆ ಎಂದು ಆ ಕಾರ್ಮಿಕರು ಎಣಿಸಲಿಲ್ಲ. ಮನುಷ್ಯನೆಂದು ಕಾಣದವರು ಸರಿಯಾದ ಕೂಲಿಯನ್ನು ಕೊಡಲಾರರು. ಸರಿಯಾದ ಕೂಲಿಯನ್ನು ಕೊಡದೆ ಮನುಷ್ಯನೆಂದು ಕಂಡೆನೆನ್ನುವುದು ಸುಳ್ಳು. ಆದುದರಿಂದ ವಂದನೆಯು ಸಾಲದು, ಆದರೆ ಬೇಡವಾದುದೂ ಅಲ್ಲ. ಅದು ಋಣವನ್ನು ಒಪ್ಪಿಕೊಳ್ಳುವ ಮೊದಲ ಮಾತು. ಒಪ್ಪಿಕೊಂಡ ಋಣವನ್ನು ತೀರಿಸುವುದು ಅದರ ಮುಂದಿನ ಧರ್ಮ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಅಳಿಯುವುದರಿಂದ ಕೆಲಸವು ಕೀಳಾಗುವುದೆ? ನಮ್ಮ ಹಿರಿಯರು ಜಗತ್ತಿನ ವ್ಯಾಪಾರವನ್ನು ಸೃಷ್ಟಿ, ಸ್ಥಿತಿ, ಲಯಗಳೆಂದು ಮೂರಾಗಿ ಎಣಿಸಿದರು. ಸೃಷ್ಟಿಯಾದ ಮೇಲೆ ಜಗತ್ತು ತಾನಾಗಿಯೇ ನಿಲ್ಲುತ್ತದೆಂದು ಅವರು ಬಗೆಯಲಿಲ್ಲ. ನಿಲ್ಲಿಸುವುದೂ ಒಂದು ಕ್ರಿಯೆ. ಅದು ಹುಟ್ಟಿಸುವುದಕ್ಕೆ ಸಮನಾದ ಕ್ರಿಯೆ ಎಂದರು. ಇದನ್ನು ನಮ್ಮ ನಿತ್ಯಜೀವನಕ್ಕೆ ಹೊಂದಿಸಿ ನೋಡಿರಿ. ನೂರು ವರ್ಷ ನಿಂತಿತೆಂದು ನಾವು ಹೊಗಳುವ ಆ ಗೋಡೆ ತಾನಾಗಿ ನಿಂತುದಲ್ಲ. ಪ್ರತಿವರ್ಷ ಸುಣ್ಣ ಹೊಡೆದವರು, ಮಳೆಗಾಲಕ್ಕೆ ಮುನ್ನ ಮಾಳಿಗೆಯನ್ನು ಸರಿಪಡಿಸಿದವರು, ಬಿರುಕಿನಲ್ಲಿ ಮೊಳೆತ ಆಲದ ಸಸಿಯನ್ನು ಕಿತ್ತವರು ಅದನ್ನು ನಿಲ್ಲಿಸಿದರು. ಗೌಂಡಿಯ ಒಂದು ವರ್ಷದ ಕೆಲಸ ಕಾಣುತ್ತದೆ. ಉಳಿದ ತೊಂಬತ್ತೊಂಬತ್ತು ವರ್ಷಗಳ ಕೆಲಸ ಕಾಣುವುದಿಲ್ಲ. ಆದುದರಿಂದ ಅರೆಂಟ್ ಅವರು ನಿರ್ಮಾಣಕ್ಕೆ ಸಲ್ಲಿಸಿದ ಸ್ಥಿರತೆಯೆಂಬ ಗೌರವದಲ್ಲಿ ಪಾಲನೆಗೂ ದೊಡ್ಡ ಪಾಲು ಸಲ್ಲಬೇಕು. ಬಾಳಿಕೆ ಬರುವ ವಸ್ತುಗಳೆಲ್ಲ ಬಾಳಿಕೆ ಬಾರದ ಶ್ರಮದ ಮೇಲೆ ನಿಂತಿವೆ.

ಮತ್ತೊಂದು ಮಾತು. ಪಾಲನೆಯ ಫಲವು ಸಾಮಾನ್ಯವಾಗಿ ಒಂದು ಅಭಾವದ ರೂಪದಲ್ಲಿರುತ್ತದೆ. ಬರದಿದ್ದ ರೋಗ, ಕೊಳೆಯದಿದ್ದ ಚರಂಡಿ, ಸೋರದಿದ್ದ ಸೂರು, ಹಸಿಯದಿದ್ದ ಮಗು. ಇಲ್ಲದುದನ್ನು ಕಣ್ಣು ಕಾಣಲಾರದು, ವಿಚಾರವು ಕಾಣಬೇಕು. ಕಂಡುದಕ್ಕೆ ಮಾತ್ರ ಬೆಲೆ ಕಟ್ಟುವುದು ಸಂತೆಯ ವ್ಯವಹಾರವಾದೀತೇ ಹೊರತು ವಿವೇಕವಾಗಲಾರದು.

ನ್ಯೂಯಾರ್ಕಿನ ಈ ಕಥೆಯನ್ನು ಓದುವ ಭಾರತೀಯ ಮನಸ್ಸಿಗೆ ಅದರಲ್ಲಿನ ಒಂದು ಸಂಗತಿ ಬೇರೆ ಯಾರಿಗೂ ನಾಟದಂತೆ ನಾಟಬೇಕು. ಯೂಕಲೀಸ್ ತನ್ನ ಆ ಹನ್ನೊಂದು ತಿಂಗಳ ಕೃತಿಗೆ ಇಟ್ಟ ಹೆಸರಿನಲ್ಲಿ ‘ಸ್ಪರ್ಶ’ ಎಂಬ ಅರ್ಥದ ಮಾತಿದೆ. ಅಲ್ಲಿ ಕಸದ ಕೆಲಸಗಾರನಿಗೆ ಅವಮಾನವಿದ್ದಿತು. ಆದರೆ ಮುಟ್ಟಬಾರದೆಂಬ ವಿಧಿಯನ್ನು ಅವನ ಕೆಲಸದಿಂದ ಹುಟ್ಟಿಸಿ ಅವನ ಮಕ್ಕಳಿಗೂ ಮೊಮ್ಮಕ್ಕಳಿಗೂ ದಾಯವಾಗಿ ಕೊಟ್ಟಿರಲಿಲ್ಲ. ನಮ್ಮಲ್ಲಿ ಕೊಟ್ಟೆವು. ಊರಿನ ಕೊಳೆಯನ್ನು ತೆಗೆಯುವವರನ್ನೇ ಕೊಳಕರೆಂದು ಊರಿನಿಂದ ಹೊರಗಿಟ್ಟೆವು. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ನಮ್ಮ ರಾಜ್ಯದಲ್ಲಿ 1970ರ ದಶಕದ ಮೊದಲ ಭಾಗದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಕಾನೂನು ದೇಶಕ್ಕೆ ಬಂದುವು. ಆದರೂ ಒಳಚರಂಡಿಯ ಗುಂಡಿಗೆ ಮನುಷ್ಯನನ್ನು ಇಳಿಸುವುದು ನಿಲ್ಲಲಿಲ್ಲ. ಹಾಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ ಆದೇಶಿಸಬೇಕಾಗಿ ಬಂದಿತು. ಕಾಯಕವೆಂಬ ದೊಡ್ಡ ಮಾತನ್ನು ದಿನವೂ ನುಡಿಯುವ ನಾಡಿನಲ್ಲಿ ಇದು ನಡೆಯಿತೆಂಬುದನ್ನು ನಾವು ತಲೆತಗ್ಗಿಸಿ ನೆನೆಯಬೇಕು. ಇಲ್ಲಿ ಕೈ ಹಿಡಿಯುವುದು ಬರಿಯ ಸೌಜನ್ಯವಲ್ಲ. ಶತಮಾನಗಳ ಒಂದು ಅನ್ಯಾಯವನ್ನು ಬಿಟ್ಟುಕೊಡುವ ಪ್ರಮಾಣ.

ಹಾಗಾದರೆ ನಾವು ಮಾಡಬೇಕಾದುದೇನು? ಎಲ್ಲರೂ ಕಲಾವಿದರಾಗಬೇಕಾಗಿಲ್ಲ. ಬೆಳಗ್ಗೆ ಬೀದಿ ಗುಡಿಸಲು ಬರುವವರ ಹೆಸರನ್ನು ತಿಳಿದುಕೊಂಡು ಹೆಸರು ಹಿಡಿದು ಗೌರವದಿಂದ ಮಾತನಾಡಿಸುವುದು, ಅವರು ಬಾಯಾರಿ ಬಂದಾಗ ನಾವು ಕುಡಿಯುವ ಲೋಟದಲ್ಲಿಯೇ ನೀರು ಕೊಡುವುದು, ಒಡೆದ ಗಾಜನ್ನು ಅವರ ಬೆರಳಿಗೆ ತಾಗದಂತೆ ಕಾಗದದಲ್ಲಿ ಸುತ್ತಿ ಬೇರೆ ಇಡುವುದು ಯಾರಿಗೂ ಕಷ್ಟವಲ್ಲ. ಅವರಿಗೆ ಕೈಗವಸು, ಪಾದರಕ್ಷೆ, ಹೊತ್ತಿಗೆ ಸರಿಯಾಗಿ ಸಂಬಳ ಸಲ್ಲುತ್ತಿದೆಯೆ ಎಂದು ನಗರಸಭೆಯನ್ನೂ ಪಂಚಾಯಿತಿಯನ್ನೂ ಕೇಳುವುದು ನಾಗರಿಕನ ಕರ್ತವ್ಯ. ಮನೆಯೊಳಗೆ, ಉಂಡ ತಟ್ಟೆಯನ್ನು ತಾನೇ ಬೆಳಗಿಡುವ ಅಭ್ಯಾಸವನ್ನು ಹುಡುಗಿಯರಿಗೆ ಕಲಿಸುವಂತೆ ಹುಡುಗರಿಗೂ ಕಲಿಸಬೇಕು. ಅಳಿಯುವ ಕೆಲಸದ ಬೆಲೆಯನ್ನು ತಿಳಿಯಲು ಅದನ್ನು ಸ್ವಲ್ಪವಾದರೂ ತಾನೇ ಮಾಡುವುದಕ್ಕಿಂತ ಹತ್ತಿರದ ದಾರಿಯಿಲ್ಲ. ಹೊಗಳುವುದು ಸುಲಭ, ಹೊರೆಯನ್ನು ಹಂಚಿಕೊಂಡಾಗ ಹೊಗಳಿಕೆ ಸತ್ಯವಾಗುತ್ತದೆ.

ಹಾರ್ಟ್‌ಫರ್ಡಿನ ಆ ಮೆಟ್ಟಿಲುಗಳು 1973ರ ಆ ಸಂಜೆಯೇ ಮತ್ತೆ ಧೂಳಾದುವು. ಅದರಿಂದ ಆ ಎಂಟು ತಾಸುಗಳು ವ್ಯರ್ಥವಾದುವೆಂದು ಹೇಳುವುದಾದರೆ, ನಾಳೆ ಮತ್ತೆ ಹಸಿವಾಗುವುದೆಂದು ಇಂದಿನ ಊಟವನ್ನೂ ವ್ಯರ್ಥವೆನ್ನಬೇಕಾದೀತು. ನಾವು ಇಂದು ಬದುಕಿರುವುದು ನಿನ್ನೆ ಯಾರೋ ಮಾಡಿ, ನಿನ್ನೆಯೇ ಅಳಿಸಿಹೋದ ಕೆಲಸಗಳಿಂದ. ಆ ಯಾರೋ ಎಂಬುವರಿಗೆ ಮುಖವುಂಟು, ಹೆಸರುಂಟು, ದಣಿವುಂಟು ಎಂಬುದನ್ನು ಅರಿಯುವುದೇ ಈ ವಿಚಾರದ ಫಲ.